ಹಳೆ ಚಕ್ರ, ಹೊಸ ಫ್ರೇಮ್ ಮತ್ತು 6 ಮಿಲಿಮೀಟರ್

ನನ್ನ ಮೌಂಟನ್ ಬೈಕಿನ ಫ್ರೇಮ್ ಬದಲಿಸುವ ಹೊತ್ತಿಗೆ ಚಕ್ರಗಳಿಗೆ ಏನೂ ಆಗಿರಲಿಲ್ಲ. ಕಡ್ಡಿ ಹೆಣೆದು ನಾನೇ ಕಟ್ಟಿದ 29 ಇಂಚಿನ ಜೋಡಿ; ಬೇರಿಂಗ್ ನುಣುಪು, ರಿಮ್ ನೇರ. ತೊಡಕು ಇದ್ದದ್ದು ಅಗಲದಲ್ಲಿ. ಹಿಂಚಕ್ರದ ಹಬ್ (ಕಡ್ಡಿಗಳು ಬಂದು ಸೇರುವ ನಡುಭಾಗ) 142 ಮಿ.ಮೀ., ಹೊಸ ಫ್ರೇಮ್ ಕೇಳುವುದು 148. ಮುಂಚಕ್ರದ್ದು 100, ಹೊಸ ಫೋರ್ಕ್‌ಗೆ ಬೇಕಾದದ್ದು 110. ಜೊತೆಯ ಸವಾರರೆಲ್ಲ "ಚಕ್ರ ಮಾರಿ ಹೊಸದು ತಗೋ" ಅಂದರು. ನಾನು ವರ್ನಿಯರ್ ಕ್ಯಾಲಿಪರ್ ಹಿಡಿದು ಕೂತೆ.

ಈ 148 ಅನ್ನು 'ಬೂಸ್ಟ್' ಎಂಬ ಹೆಸರಲ್ಲಿ 2014ರಲ್ಲಿ ತಂದದ್ದು ಸೈಕಲ್ ತಯಾರಕ ಟ್ರೆಕ್ ಮತ್ತು ಬಿಡಿಭಾಗ ತಯಾರಕ ಸ್ರ್ಯಾಮ್. 29 ಇಂಚಿನ ಚಕ್ರದಲ್ಲಿ ಕಡ್ಡಿ ಉದ್ದ, ಆದ್ದರಿಂದ ಪಕ್ಕದಿಂದ ಭಾರ ಬಿದ್ದಾಗ ಹೆಚ್ಚು ಬಾಗುತ್ತದೆ. ಹಬ್‌ನ ಫ್ಲಾಂಜ್‌ಗಳನ್ನು (ಕಡ್ಡಿ ಸಿಕ್ಕಿಸುವ ಎರಡೂ ಬದಿಯ ಅಂಚುಗಳನ್ನು) ತಲಾ 3 ಮಿ.ಮೀ. ಹೊರಗೆ ಸರಿಸಿದರೆ ಕಡ್ಡಿ ಇನ್ನಷ್ಟು ಓರೆಯಾಗಿ ನಿಂತು ಚಕ್ರ ಬಿಗಿಯಾಗುತ್ತದೆ. ಕ್ಯಾಸೆಟ್ (ಹಿಂಚಕ್ರದ ಗೇರ್ ಹಲ್ಲುಚಕ್ರಗಳ ಗೊಂಚಲು) ಜೊತೆಗೆ ಚೈನ್‌ಲೈನ್, ಅಂದರೆ ಫ್ರೇಮಿನ ನಡುಗೆರೆಯಿಂದ ಚೈನ್‌ಗೆ ಇರುವ ದೂರ ಕೂಡ 49ರಿಂದ 52ಕ್ಕೆ ಸರಿಯಿತು. ವಾದದಲ್ಲಿ ಹುರುಳಿದೆ. ಆದರೆ ಡೌನ್‌ಹಿಲ್ (ಕಡಿದಾದ ಇಳಿಜಾರಿನ) ಬೈಕುಗಳಲ್ಲಿ 150 ಮತ್ತು 157 ಆಗಲೇ ಇದ್ದವು. ನಡುವೆ ಇನ್ನೊಂದು ಅಳತೆ ತೂರಿಸಲೇಬೇಕಿತ್ತೇ ಅನ್ನುವ ಗೊಣಗಾಟ ನನಗೆ ಇಂದಿಗೂ ಹೋಗಿಲ್ಲ. ಅದಕ್ಕೂ ಹಿಂದಿನ 142 ಬೇರೇನೂ ಅಲ್ಲ, ಹಳೆ 135ರ ಹಬ್ಬೇ. ಫ್ಲಾಂಜ್ ಇದ್ದಲ್ಲೇ ಇದ್ದು, ಚಕ್ರ ಫ್ರೇಮಿನಲ್ಲಿ ಸಲೀಸಾಗಿ ಕೂರಲೆಂದು ಎರಡೂ ತುದಿಗೆ 3.5 ಮಿ.ಮೀ. ಸೇರಿಸಿದ್ದರು ಅಷ್ಟೆ.

ಹಬ್‌ನ ತುದಿಗೆ ಉದ್ದದ ಎಂಡ್ ಕ್ಯಾಪ್ (ತುದಿಯ ಮುಚ್ಚಳ) ಹಾಕಿ 6 ಮಿ.ಮೀ. ಕೊರತೆ ತುಂಬಲು ಎರಡು ದಾರಿ. ಎರಡೂ ಬದಿಗೆ ಮೂರು ಮೂರು ಹಾಕಿದರೆ ರಿಮ್ ಮುಟ್ಟಬೇಕಿಲ್ಲ, ಆದರೆ ಕ್ಯಾಸೆಟ್ ಇರಬೇಕಾದ ಜಾಗಕ್ಕಿಂತ 3 ಮಿ.ಮೀ. ಒಳಗೆ ಉಳಿಯುತ್ತದೆ. ನಾನು ಹಿಡಿದದ್ದು ಎರಡನೆಯದು: ಇಡೀ 6 ಮಿ.ಮೀ. ರೋಟರ್ (ಡಿಸ್ಕ್ ಬ್ರೇಕಿನ ತಟ್ಟೆ) ಇರುವ ಎಡಬದಿಗೆ. ಆಗ ಬಲತುದಿ ಬದಲಾಗುವುದಿಲ್ಲ, ಕ್ಯಾಸೆಟ್ ಬೂಸ್ಟ್‌ಗೆ ಸರಿಯಾದ ಕಡೆಗೇ ಬಂದು ನಿಲ್ಲುತ್ತದೆ. ರೋಟರ್ ಕೆಳಗೆ 6 ಮಿ.ಮೀ. ಸ್ಪೇಸರ್, ಅದಕ್ಕೆ ತಕ್ಕ ಉದ್ದದ ಬೋಲ್ಟ್. ಹಳೆ ಬೋಲ್ಟನ್ನೇ ಹಾಕಿದರೆ ಹಬ್ ಒಳಗೆ ಹಿಡಿಯುವ ಮರೆ (ಥ್ರೆಡ್) ಸಾಲದು; ಬ್ರೇಕಿನ ವಿಷಯದಲ್ಲಿ ಅದು ಆಟವಲ್ಲ.

ಹಬ್ ಬಲಕ್ಕೆ 3 ಮಿ.ಮೀ. ಸರಿದದ್ದರಿಂದ ರಿಮ್ ಅನ್ನು ಅಷ್ಟೇ ಎಡಕ್ಕೆ ಎಳೆದು ನಡುವಿಗೆ ತರಬೇಕು. ಬಲದ ಕಡ್ಡಿ ಸಡಿಲಿಸಿ, ಎಡದ್ದು ಬಿಗಿ ಮಾಡಿ, ಪ್ರತಿ ನಿಪ್ಪಲ್‌ಗೂ (ಕಡ್ಡಿ ಬಿಗಿಸುವ ನಟ್ಟು) ಕಾಲು ಸುತ್ತಿನಂತೆ ಚಕ್ರವಿಡೀ ಬಂದು, ಮತ್ತೆ ಮೊದಲಿಂದ. ನಡುನಡುವೆ ಸ್ಟ್ಯಾಂಡಿನಲ್ಲಿ ಚಕ್ರ ತಿರುವಿಹಾಕಿ, ರಿಮ್ ಎರಡೂ ಸಲ ಒಂದೇ ಕಡೆ ನಿಲ್ಲುತ್ತದೆಯೇ ಎಂದು ನೋಡಿದೆ. ಕಡ್ಡಿ ಉದ್ದ ಸಾಲುತ್ತದೋ ಎಂಬ ಅನುಮಾನಕ್ಕೆ ಮೊದಲೇ ಲೆಕ್ಕ ಹಾಕಿದ್ದೆ: ಎರಡೂ ಬದಿಯಲ್ಲಿ ಬೀಳುವ ವ್ಯತ್ಯಾಸ ಅರ್ಧ ಮಿ.ಮೀ.ಗೂ ಕಡಿಮೆ. ಹಳೆ ಕಡ್ಡಿಗಳೇ ಉಳಿದವು.

ಇಲ್ಲೊಂದು ಲಾಭವೂ ಸಿಕ್ಕಿತು. ಕ್ಯಾಸೆಟ್‌ಗೆ ಜಾಗ ಬಿಡಬೇಕಾದ್ದರಿಂದ ಹಿಂದಿನ ಚಕ್ರದ ಬಲ ಫ್ಲಾಂಜ್ ರಿಮ್ಮಿನ ನಡುವಿಗೆ ಹತ್ತಿರ. ಬಲದ ಕಡ್ಡಿ ವೀಣೆಯ ತಂತಿಯಂತೆ ಬಿಗಿ, ಎಡದ್ದು ಸಡಿಲ. ರಿಮ್ ಎಡಕ್ಕೆ ಸರಿದಾಗ ಈ ಅಂತರ ತಗ್ಗಿತು. ಟೆನ್ಷನ್ ಮೀಟರ್ ಹಿಡಿದರೆ ಎರಡೂ ಬದಿ ಮೊದಲಿಗಿಂತ ಸಮವಾಗಿದ್ದವು. ಮುಂದಿನ ಚಕ್ರದ ಕೆಲಸ ಸುಲಭ: ಎರಡೂ ಬದಿಗೆ 5 ಮಿ.ಮೀ., ರೋಟರ್‌ಗೂ 5. ಒಂದು ಎಚ್ಚರಿಕೆ: ಹಳೆ ಡೌನ್‌ಹಿಲ್ ಫೋರ್ಕಿನ 20×110ಕ್ಕೂ ಬೂಸ್ಟ್‌ನ 15×110ಕ್ಕೂ 110 ಒಂದೇ ಆದರೂ ರೋಟರ್ ನಿಲ್ಲುವ ಜಾಗ ಬೇರೆ. ಅಂಕಿಯೊಂದನ್ನೇ ನೋಡಿ ಹಬ್ ಕೊಳ್ಳಬಾರದು.

ಕಿರಿದನ್ನು ಅಗಲ ಮಾಡಬಹುದು, ಅಗಲವನ್ನು ಕಿರಿದು ಮಾಡಲಾಗದು. ಫ್ರೇಮ್ ಆರಿಸುವಾಗ ಈ ಮಾತು ತಲೆಯಲ್ಲಿತ್ತು. ಬಾಟಮ್ ಬ್ರಾಕೆಟ್‌ಗೆ (ಪೆಡಲ್ ತಿರುಗಿಸುವ ಅಚ್ಚಿನ ಬೇರಿಂಗ್ ಕೂರುವ ಜಾಗ) ಒತ್ತಿ ಕೂರಿಸುವ ಪ್ರೆಸ್‌ಫಿಟ್ ಬೇಡವೆಂದು 73 ಮಿ.ಮೀ. ಅಗಲದ, ಮರೆ ಇರುವ ಬಿಎಸ್‌ಎ ಶೆಲ್ಲನ್ನೇ ಹುಡುಕಿದೆ. 24, 30, ಸ್ರ್ಯಾಮ್ 2018ರಲ್ಲಿ ತಂದ 28.99 ಮಿ.ಮೀ.ನ ಡಬ್, ಯಾವ ದಪ್ಪದ ಪೆಡಲ್ ಆಕ್ಸಲ್ (ಅಚ್ಚು) ಆದರೂ ತಕ್ಕ ಕಪ್ ಇದಕ್ಕೆ ಸಿಗುತ್ತದೆ. ಪ್ರೆಸ್‌ಫಿಟ್‌ನ ಕಿರುಗುಟ್ಟುವಿಕೆಗೆ ಬೇಸತ್ತು ಹಲವು ತಯಾರಕರೇ ಮರೆಗೆ ಮರಳಿದ್ದಾರೆ. ಹ್ಯಾಂಡಲ್‌ಬಾರ್ ನಡುದಪ್ಪ 31.8 ಮಿ.ಮೀ. ಇದ್ದದ್ದನ್ನು ಹಾಗೇ ಬಿಟ್ಟೆ. 35ರಿಂದ ನನ್ನ ಕೈಗೆ ಆಗಬೇಕಾದ್ದೇನೂ ಇರಲಿಲ್ಲ.

ಅಳತೆಗಳ ಪೈಪೋಟಿ ಮುಗಿದಿರುವುದು ಡಿರೇಲರ್ (ಗೇರ್ ಬದಲಿಸುವ ಸಾಧನ) ತೂಗುವ ಹ್ಯಾಂಗರಿನಲ್ಲಿ. ಮೊದಲು ಫ್ರೇಮಿಗೊಂದು ಆಕಾರ, ಮುರಿದರೆ ಹುಡುಕಾಟ. 2019ರಲ್ಲಿ ಸ್ರ್ಯಾಮ್ ಎಲ್ಲ ಫ್ರೇಮಿಗೂ ಒಂದೇ ಆಕಾರದ ಯುಡಿಎಚ್ ಹ್ಯಾಂಗರ್ ವಿನ್ಯಾಸವನ್ನು ಶುಲ್ಕವಿಲ್ಲದೆ ಎಲ್ಲ ತಯಾರಕರಿಗೂ ಬಿಟ್ಟುಕೊಟ್ಟಿತು. 2023ರಲ್ಲಿ ಹ್ಯಾಂಗರೇ ಇಲ್ಲದೆ ಅದೇ ಜಾಗಕ್ಕೆ ನೇರ ಕೂರುವ ಡಿರೇಲರ್ ತಂದಾಗ ಉಳಿದವರಿಗೆ ಹಿಂದಿನ ಉದಾರತೆಯ ಗುಟ್ಟು ತಿಳಿಯಿತು. ಜಾಣತನವೇ ಸರಿ, ಆದರೂ ಸವಾರನಿಗೆ ನಷ್ಟವಿಲ್ಲ. ನನ್ನ ಫ್ರೇಮಿನಲ್ಲೂ ಅದೇ ಇದೆ. ಫ್ರೀಹಬ್‌ನಲ್ಲಿ (ಹಬ್‌ನಲ್ಲಿ ಕ್ಯಾಸೆಟ್ ಕೂರುವ ಭಾಗ) ಇಂಥ ರಾಜಿ ಆಗುತ್ತದೆಂದು ನನಗನಿಸುವುದಿಲ್ಲ. ಸ್ರ್ಯಾಮ್‌ಗೆ ಎಕ್ಸ್‌ಡಿ ಎಂಬ ಮಾದರಿ, ಎದುರಾಳಿ ಶಿಮಾನೊಗೆ 2018ರಿಂದ ಮೈಕ್ರೋ ಸ್ಪ್ಲೈನ್. ಕ್ಯಾಸೆಟ್ ಮಾರುವವರು ತಮ್ಮ ಹಲ್ಲು ತಾವೇ ಕಾಯುತ್ತಾರೆ. ಬಿಚ್ಚಿ ಬದಲಿಸಬಲ್ಲ ಫ್ರೀಹಬ್ ಬಾಡಿ ಇರುವ ಹಬ್ ಕೊಂಡವರಿಗೆ ಈ ಜಗಳದ ಬಿಸಿ ಅಷ್ಟಾಗಿ ತಟ್ಟದು.

ಚಕ್ರದ ಅಳತೆಯಲ್ಲಿ ಟೈರ್ ಕೂರುವ ವ್ಯಾಸವೇ ಅಸಲು: 26ಕ್ಕೆ 559 ಮಿ.ಮೀ., 27.5ಕ್ಕೆ 584, 29ಕ್ಕೆ 622. ಕೊನೆಯ ಎರಡೂ ಹಳೆಯ 650ಬಿ ಮತ್ತು 700ಸಿ ಸೈಕಲ್‌ಗಳ ಅಳತೆಗಳೇ. ಮುಂದೆ 29, ಹಿಂದೆ 27.5 ಹಾಕಲು ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ 2019ರಲ್ಲಿ ಒಪ್ಪಿದ ಮೇಲೆ ಯಾವುದು ಗೆದ್ದಿತು ಅನ್ನುವ ಪ್ರಶ್ನೆಯೇ ಸಡಿಲವಾಯಿತು. ಈಗ 32ರ, ಅಂದರೆ 686ರ ಸದ್ದು. ಅದಕ್ಕೆ ಟೈರ್, ರಿಮ್, ಫೋರ್ಕ್, ಫ್ರೇಮ್ ನಾಲ್ಕೂ ಹೊಸದಾಗಬೇಕು. ಕುಳ್ಳಗಿನ ಸವಾರರ ಫ್ರೇಮಿನಲ್ಲಿ ಅಷ್ಟು ದೊಡ್ಡ ಚಕ್ರಕ್ಕೆ ಜಾಗ ಹೊಂದಿಸುವುದೇ ಕಷ್ಟ. ಎತ್ತರದವರ ರೇಸ್ ಬೈಕುಗಳಲ್ಲಿ ಅದು ನೆಲೆ ನಿಲ್ಲಬಹುದು, 29 ಅನ್ನು ಹೊರಗಟ್ಟಲಾರದು ಎಂಬುದು ನನ್ನ ಅಂದಾಜು.

ಒಂದು ಅಳತೆ ಬಳಕೆ ತಪ್ಪಿದಾಗ ಟೈರು, ರಿಮ್ಮು ಇನ್ನೂ ಬಹಳ ಕಾಲ ಸಿಗುತ್ತವೆ. ಮೊದಲು ಕಾಣೆಯಾಗುವುದು ಆಯಾ ಹಬ್‌ಗೆಂದೇ ಮಾಡಿದ ಎಂಡ್ ಕ್ಯಾಪ್. ಹಾಗಾಗಿ 142 ಮತ್ತು 148ರ ಕ್ಯಾಪ್‌ಗಳ ಒಂದೊಂದು ಜೊತೆ, ಎಕ್ಸ್‌ಡಿ ಬಾಡಿ ಒಂದು, ಅದರ ಬೇರಿಂಗ್‌ಗಳನ್ನು ಈಗಲೇ ತರಿಸಿ, ಹಬ್‌ನ ಮಾದರಿ ಸಂಖ್ಯೆ ಬರೆದು ಡಬ್ಬಿಗೆ ಹಾಕಿದ್ದೇನೆ.