ಮೈಗ್ರೇನ್ ಗುಳಿಗಿ ಸಿಗವಲ್ದಾಗಿತ್ತು, ಕಡೀಗಿ ಹಿಂಗ ಮಾಡಿದೆ

ಅರ್ಧ ತಲಿ ಬಡಿತದ, ವಾಂತಿ ಬಂದಂಗ ಆಗ್ತದ, ಬೆಳಕು ನೋಡ್ಲಿಕ್ಕೆ ಆಗಂಗಿಲ್ಲ. ಡಾಕ್ಟರ್ ಸುಮಾಟ್ರಿಪ್ಟಾನ್ 50 ಎಂಜಿ ಬರದಿದ್ರು, ಆದ್ರ ಕಲಬುರಗ್ಯಾಗ ಯಾವ ಮೆಡಿಕಲ್‌ಗೆ ಹೋದ್ರೂ ಸ್ಟಾಕ್ ಇಲ್ರಿ ನಾಳಿ ಬರ್ರಿ ಅನ್ನೋದೇ ಆಯ್ತು. ಪ್ಯಾರಾಸಿಟಮಾಲ್, ಬಾಮ್, ಖಡಕ್ ಚಹಾ, ಯಾವುದಕ್ಕೂ ಇಳೀಲಿಲ್ಲ. ಒಂದು ಅಂಗಡ್ಯಾಗ ಎರ್ಗೋಟಮಿನ್ ಗುಳಿಗಿ ಕೊಟ್ಟು ಇದೂ ಅದೇ ರಿ ಅಂದ್ರು. ಅದು ಬ್ಯಾರೆ ಔಷಧ, ಒಂದು ತಗೊಂಡ್ರ ಇನ್ನೊಂದಕ್ಕ 24 ತಾಸು ಅಂತರ ಬೇಕೇ ಬೇಕು.

ಕೆಲಸ ಆಗಿದ್ದು ಚೀಟಿ ಹೊಸದಾಗಿ ಬರೆಸಿದ ಮ್ಯಾಲ. ಕಂಪನಿ ಹೆಸರು ಬ್ಯಾಡ, ಔಷಧದ ಮೂಲ ಹೆಸರೇ ದೊಡ್ಡ ಅಕ್ಷರದಾಗ, ಪಕ್ಕದಾಗ ಎಂಜಿ, ಎಷ್ಟು ಗುಳಿಗಿ, ತಾರೀಖು, ಸಹಿ, ಡಾಕ್ಟರ್ ರಿಜಿಸ್ಟ್ರೇಷನ್ ನಂಬರ್. ಸುಮಾಟ್ರಿಪ್ಟಾನ್ ಸಿಗದಿದ್ರ ಅದರ ಬದ್ಲಿ ರೈಜಾಟ್ರಿಪ್ಟಾನ್ 10 ಎಂಜಿ ಅಂತ ಅದೇ ಚೀಟ್ಯಾಗ ಬರೆಸ್ರಿ, ಎರಡೂ ಕೂಡಿ ಅಲ್ಲ, ಯಾವುದಾದ್ರೂ ಒಂದು. ಇದೇ ಮುಖ್ಯ ನೋಡ್ರಿ, ಇಲ್ಲಾಂದ್ರ ಮತ್ತ ಡಾಕ್ಟರ್ ಕಡೆ ಓಡಬೇಕಾಗ್ತದ. ಆಮ್ಯಾಲ ಸೂಪರ್ ಮಾರ್ಕೆಟ್ ಕಡೆ ಒಂದೇ ಮೆಡಿಕಲ್ ಹಿಡದು, ಅಸಲು ಚೀಟಿ ತೋರಿಸಿ, ಹೋಲ್‌ಸೇಲ್‌ದವ್ರಿಂದ ತರಿಸ್ರಿ ಅಂತ ಅಡ್ವಾನ್ಸ್ ಕೊಟ್ಟೆ. ಈಗ ಸ್ಟ್ರಿಪ್ ಅರ್ಧ ಇದ್ದಾಗೇ ಫೋನ್ ಹಚ್ತೀನಿ. ಗುಳಿಗಿ ತಲಿನೋವು ಶುರು ಆದ ಕೂಡ್ಲೇ ತಗೋಬೇಕು, ತಿಂಗಳಿಗೆ 10 ದಿನಕ್ಕಿಂತ ಕಮ್ಮಿ ಇರ್ಲಿ, ಹಾರ್ಟ್ ತ್ರಾಸು ಇದ್ದವ್ರು ಡಾಕ್ಟರ್‌ಗೆ ಹೇಳದೇ ಮುಟ್ಟಬ್ಯಾಡ್ರಿ.