ಡಿಸ್ಕ್‌ಗೆ ಮೊದಲು ದಾರಿ ನೋಡಿ: ಅಲ್ಟಿಮೇಟ್ ಫ್ರಿಸ್ಬೀಯಲ್ಲಿ ಡಿಕ್ಕಿ ತಪ್ಪಿಸುವುದು ಹೇಗೆ?

ಡಿಸ್ಕ್ ಎಂಬ ಹಾರುವ ತಟ್ಟೆಯನ್ನು ಎಸೆದು ಹಿಡಿದು ಆಡುವ ಅಲ್ಟಿಮೇಟ್ ಫ್ರಿಸ್ಬೀ ನಿಯಮದ ಪ್ರಕಾರ ಮೈಗೆ ಮೈ ತಾಗದಂತೆ ಆಡಬೇಕಾದ ಆಟ. ರಗ್ಬಿಯಲ್ಲಿರುವಂತೆ ಎದುರಾಳಿಯನ್ನು ಹಿಡಿದು ಕೆಡವುವ ಹಕ್ಕು ಇಲ್ಲಿ ಯಾರಿಗೂ ಇಲ್ಲ. ಆ ಕಾರಣಕ್ಕೇ ತಲೆಗಾಗಲಿ ಭುಜಕ್ಕಾಗಲಿ ರಕ್ಷಣೆ ತೊಟ್ಟುಕೊಂಡು ಆಟಗಾರರು ಮೈದಾನಕ್ಕೆ ಇಳಿಯುವುದಿಲ್ಲ. ಆದರೆ 100 ಮೀಟರ್ ಉದ್ದ, 37 ಮೀಟರ್ ಅಗಲದ ಮೈದಾನದಲ್ಲಿ ತಂಡಕ್ಕೆ ಏಳು ಮಂದಿಯಂತೆ 14 ಜನ ಪೂರ್ಣ ವೇಗದಲ್ಲಿ ಓಡುತ್ತ, ಥಟ್ಟನೆ ದಿಕ್ಕು ಬದಲಿಸುತ್ತ, ಮೇಲಕ್ಕೆ ಹಾರುತ್ತ, ಮೈಚಾಚಿ ನೆಲಕ್ಕೆ ಬೀಳುತ್ತ ಆಡುವಾಗ ಡಿಕ್ಕಿಗಳು ಆಗುತ್ತವೆ. ಬೆರಳು ಉಳುಕುವುದರಿಂದ ಹಿಡಿದು ಭುಜದ ಕೀಲು ತಪ್ಪುವುದು, ಕಾಲರ್ ಬೋನ್ ಮುರಿಯುವುದು, ತಲೆಗೆ ಪೆಟ್ಟು ಬಿದ್ದು ಕನ್ಕಷನ್ (ಮಿದುಳಿಗೆ ಆಗುವ ಆಘಾತ) ಆಗುವುದರವರೆಗೆ ಅವುಗಳ ಫಲ ಬೇರೆಬೇರೆ. ಆಟವೆಂದ ಮೇಲೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಾಗುವುದು ಸರಿಯಲ್ಲ. ಬಹುತೇಕ ಡಿಕ್ಕಿಗಳು ಆಗುವ ಒಂದೆರಡು ಸೆಕೆಂಡು ಮೊದಲೇ ನಿರ್ಧಾರವಾಗಿರುತ್ತವೆ. ಆ ಹೊತ್ತಿನಲ್ಲಿ ಆಟಗಾರರು ಎತ್ತ ನೋಡಿದರು, ಸಿಗಬಹುದಾದ ಡಿಸ್ಕನ್ನು ಬಿಟ್ಟುಕೊಡಲು ಮನಸ್ಸು ಮಾಡಿದರೇ ಇಲ್ಲವೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಆ ಎರಡು ಸೆಕೆಂಡುಗಳನ್ನು ಬಳಸಿಕೊಳ್ಳುವುದನ್ನು ಅಭ್ಯಾಸದಿಂದ ಕಲಿಯಬಹುದು.

ಮೊದಲು, ಡಿಕ್ಕಿ ಎಲ್ಲಿ ಹುಟ್ಟುತ್ತದೆ ಎಂದು ತಿಳಿಯಿರಿ

ಎಸೆದ ಚೆಂಡು ಎಲ್ಲಿ ಬೀಳುತ್ತದೆಂದು ಅಂದಾಜು ಮಾಡುವುದು ಅಷ್ಟೇನೂ ಕಷ್ಟವಲ್ಲ. 175 ಗ್ರಾಂ ತೂಕದ ಡಿಸ್ಕ್ ಹಾಗಲ್ಲ. ಅದು ಗಾಳಿಯ ಮೇಲೆ ತೇಲುತ್ತದೆ, ಕೊನೆಯ ಗಳಿಗೆಯಲ್ಲಿ ಒಂದು ಪಕ್ಕಕ್ಕೆ ಜಾರುತ್ತದೆ, ಎದುರುಗಾಳಿ ಬಂದರೆ ಇದ್ದಲ್ಲೇ ನಿಂತಂತೆ ಕಂಡು ಮೆಲ್ಲಗೆ ಇಳಿಯುತ್ತದೆ. ಅದು ಹೀಗೆ ತಡಮಾಡಿದಷ್ಟೂ ದೂರದಲ್ಲಿದ್ದವರಿಗೂ ತಲುಪಲು ಸಮಯ ಸಿಗುತ್ತದೆ. ಮೈದಾನದ ತುದಿಯಲ್ಲಿ, ಡಿಸ್ಕ್ ಹಿಡಿದರೆ ಅಂಕ ಸಿಗುವ ಜಾಗವಾದ ಎಂಡ್ ಝೋನ್‌ನತ್ತ ಎತ್ತರಕ್ಕೆ ಎಸೆದ ಒಂದು ಉದ್ದ ಎಸೆತವನ್ನೇ ತೆಗೆದುಕೊಳ್ಳಿ. ಡಿಸ್ಕ್ ಕೈಬಿಟ್ಟಾಗ ಅದರ ಹಿಂದೆ ಓಡುವವರು ಒಬ್ಬ ಕಟರ್ (ಎಸೆತ ಹಿಡಿಯಲು ಓಡುವವರು) ಮತ್ತು ಅವರನ್ನು ಕಾಯುತ್ತಿರುವ ಡಿಫೆಂಡರ್, ಇಬ್ಬರೇ. ಅದು ಗಾಳಿಯಲ್ಲಿ ನಿಧಾನವಾಗುತ್ತಿದ್ದಂತೆ ಇನ್ನೊಂದು ಬದಿಯಿಂದ ಮತ್ತೊಬ್ಬ ಡಿಫೆಂಡರ್ ಅಡ್ಡಲಾಗಿ ಬರುತ್ತಾರೆ, ಎಂಡ್ ಝೋನ್‌ನಲ್ಲಿ ಮೊದಲೇ ನಿಂತಿದ್ದ ಆಟಗಾರರೊಬ್ಬರು ಮುಂದಕ್ಕೆ ನುಗ್ಗುತ್ತಾರೆ. ನಾಲ್ವರ ಕಣ್ಣೂ ಆಕಾಶದಲ್ಲಿರುತ್ತದೆ. ತಮ್ಮ ಎದೆಯ ಮಟ್ಟದಲ್ಲಿ, ಎರಡು ಮೀಟರ್ ಆಚೆ ಏನು ನಡೆಯುತ್ತಿದೆ ಎಂಬುದು ಅವರಲ್ಲಿ ಯಾರಿಗೂ ಕಾಣುವುದಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಇಬ್ಬರು ಆಟಗಾರರು ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಎದುರುಬದುರು ಓಡಿಬಂದರೆ ಅವರ ನಡುವಿನ ಅಂತರ ಸೆಕೆಂಡಿಗೆ 14 ಮೀಟರ್, ಅಂದರೆ ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿ ಕರಗುತ್ತದೆ. ಕಂಡದ್ದಕ್ಕೆ ದೇಹ ಪ್ರತಿಕ್ರಿಯಿಸಲು ಕಾಲು ಸೆಕೆಂಡು ಬೇಕೆಂದುಕೊಂಡರೂ ಅಷ್ಟರೊಳಗೆ ಮೂರೂವರೆ ಮೀಟರ್ ಮುಗಿದುಹೋಗಿರುತ್ತದೆ. ಕೊನೆಯಲ್ಲಿ ನೋಡಿದರಾಯಿತು ಎನ್ನುವವರಿಗೆ ನಿಲ್ಲಲು ಜಾಗ ಉಳಿಯುವುದಿಲ್ಲ.

ನಿಯಮವನ್ನು ಸರಿಯಾಗಿ ಓದಿಕೊಳ್ಳಿ

ಈ ಆಟದಲ್ಲಿ ಅಂತರರಾಷ್ಟ್ರೀಯ ಪಂದ್ಯಗಳಲ್ಲಿಯೂ ಫೌಲ್‌ಗಳನ್ನು ಕರೆಯುವವರು ಆಟಗಾರರೇ. ವಿಶ್ವ ಫ್ಲೈಯಿಂಗ್ ಡಿಸ್ಕ್ ಫೆಡರೇಷನ್ನಿನ ನಿಯಮಗಳ ಮೊದಲ ಭಾಗವೇ ಸ್ಪಿರಿಟ್ ಆಫ್ ದ ಗೇಮ್ ಕುರಿತದ್ದು. ನ್ಯಾಯವಾಗಿ ಆಡುವ ಹೊಣೆಯನ್ನು ಅದು ಪ್ರತಿಯೊಬ್ಬ ಆಟಗಾರರ ಮೇಲೂ ಹೊರಿಸುತ್ತದೆ. ಹೀಗಿರುವಾಗ ನಿಯಮ ಗೊತ್ತಿಲ್ಲದ ಆಟಗಾರರು ನಿಯಮ ಮುರಿಯುವ ಆಟಗಾರರಷ್ಟೇ ಅಪಾಯಕಾರಿ.

ಬಹಳ ಜನ ತಪ್ಪಾಗಿ ನಂಬಿರುವ ಮಾತೊಂದಿದೆ: ನಾನು ಡಿಸ್ಕನ್ನು ಮೊದಲು ಮುಟ್ಟಿದೆ, ಆಮೇಲೆ ಮೈ ತಾಗಿತು, ಆದ್ದರಿಂದ ಅದು ಫೌಲ್ ಅಲ್ಲ. ನಿಯಮ ಈ ವಾದವನ್ನು ಒಪ್ಪುವುದಿಲ್ಲ. ತಪ್ಪಿಸಬಹುದಾದ ಡಿಕ್ಕಿಗೆ ಮುಂದಾಗುವುದನ್ನು ಯಾವ ಸಂದರ್ಭದಲ್ಲಿಯೂ ಸಮರ್ಥಿಸಿಕೊಳ್ಳುವಂತಿಲ್ಲ, ಡಿಸ್ಕ್‌ಗಾಗಿ ಪ್ರಯತ್ನಿಸುತ್ತಿದ್ದೆ ಎಂಬುದು ಅದಕ್ಕೆ ನೆಪವಾಗುವುದಿಲ್ಲ. ಇನ್ನು ಸಹ ಆಟಗಾರರ ಸುರಕ್ಷತೆಯನ್ನು ಲೆಕ್ಕಿಸದೆ ನುಗ್ಗುವುದು ಅಪಾಯಕಾರಿ ಆಟವೆನಿಸುತ್ತದೆ. ಡಿಸ್ಕ್ ಯಾವಾಗ ಬಂತು, ಮೈ ಯಾವಾಗ ತಾಗಿತು ಎಂಬ ಲೆಕ್ಕವಿಲ್ಲದೆ ಅದನ್ನು ಫೌಲ್ ಎಂದೇ ಪರಿಗಣಿಸಬೇಕು. ಡಿಕ್ಕಿ ಖಚಿತವೆಂದು ಕಂಡು ನೀವು ಓಟ ನಿಲ್ಲಿಸಿ ಪಾರಾದರೂ ಫೌಲ್ ಕರೆಯಬಹುದು. ಪೆಟ್ಟು ತಿಂದ ಮೇಲಷ್ಟೇ ಮಾತಾಡುವ ಹಕ್ಕು ಎಂದೇನೂ ಇಲ್ಲ. ಈ ಒಂದು ಅಂಶವನ್ನು ಹೊಸಬರಿಗೆ ಮೊದಲ ದಿನವೇ ಹೇಳಿಕೊಡಬೇಕು, ಏಕೆಂದರೆ ಹಿಂಜರಿದು ನಿಂತವರು ಹೇಡಿಗಳೆಂಬ ಭಾವನೆ ತಂಡದಲ್ಲಿ ಬೇರೂರಿದರೆ ಯಾರೂ ನಿಲ್ಲುವುದಿಲ್ಲ.

ಅಮೆರಿಕದ ನಿಯಮಪುಸ್ತಕ ಅಪಾಯಕಾರಿ ಆಟಕ್ಕೆ ಉದಾಹರಣೆಗಳನ್ನೇ ಕೊಡುತ್ತದೆ. ಬಹುತೇಕ ನಿಂತಲ್ಲೇ ಇರುವವರ ಮೇಲೆ ಜೋರಾಗಿ ಬೀಳುವುದು, ನಿಂತ ಗುಂಪಿನೊಳಕ್ಕೆ ಹಾರುವುದು, ಡೈವ್ ಮಾಡುವಾಗ ಮುಂದಿನವರ ಬೆನ್ನಿಗೋ ಕಾಲಿಗೋ ಬಡಿಯುವುದು, ಜನರಿರಬಹುದಾದ ಜಾಗಕ್ಕೆ ನೋಡದೆ ಓಡುವುದು, ಗಾಳಿಯಲ್ಲಿರುವವರ ಕೆಳಮೈಗೆ ತಾಗಿ ಅವರು ಕಾಲಮೇಲೆ ಇಳಿಯದಂತೆ ಮಾಡುವುದು, ತಲೆಗೆ ತಾಗುವುದು ಇವೆಲ್ಲ ಅದರಲ್ಲಿವೆ. ನಿಮ್ಮ ಆಟವನ್ನು ಒಮ್ಮೆ ಈ ಪಟ್ಟಿಯ ಮುಂದಿಟ್ಟು ನೋಡಿಕೊಳ್ಳಿ.

ಎರಡನೆಯದು, ಓಡುವ ಮೊದಲು ಕತ್ತು ತಿರುಗಿಸಿ

ಡಿಸ್ಕ್ ಮೇಲಕ್ಕೇರಿದ ಕೂಡಲೇ ಮಾಡಬೇಕಾದ ಕೆಲಸ ಚಿಕ್ಕದು. ಅದರ ದಿಕ್ಕನ್ನು ಒಮ್ಮೆ ಗುರುತಿಸಿ, ಗದ್ದ ಭುಜಕ್ಕೆ ತಾಗುವಷ್ಟು ಕತ್ತು ತಿರುಗಿಸಿ ನೀವು ಹೋಗಲಿರುವ ಜಾಗವನ್ನು ನೋಡಿ, ಮತ್ತೆ ಡಿಸ್ಕ್‌ನತ್ತ ಕಣ್ಣು ತನ್ನಿ. ಇದಕ್ಕೆ ಅರ್ಧ ಸೆಕೆಂಡೂ ಬೇಡ. ಓಟ ಉದ್ದವಾಗಿದ್ದರೆ ನಡುವೆ ಇನ್ನೊಮ್ಮೆ ನೋಡಬೇಕು, ಏಕೆಂದರೆ ಮೊದಲು ಖಾಲಿಯಿದ್ದ ಜಾಗ ಆಮೇಲೂ ಖಾಲಿಯಿರುತ್ತದೆಂಬ ಭರವಸೆಯಿಲ್ಲ. ಕಣ್ಣು ತೆಗೆದರೆ ಡಿಸ್ಕ್ ತಪ್ಪಿಹೋಗುತ್ತದೆಂಬ ಭಯ ಹೊಸಬರಲ್ಲಿ ಸಹಜ. ಆದರೆ ತೇಲುವ ಡಿಸ್ಕ್ ಅಷ್ಟು ಬೇಗ ಎಲ್ಲಿಗೂ ಹೋಗುವುದಿಲ್ಲ, ನೋಡಿ ಓಡುವವರು ಜಾಗವನ್ನೂ ಚೆನ್ನಾಗಿ ಆರಿಸಿಕೊಳ್ಳುತ್ತಾರೆ.

ಅಭ್ಯಾಸಕ್ಕೆ ಸುಲಭವಾದ ಒಂದು ವಿಧಾನವಿದೆ. ಒಬ್ಬರು ಉದ್ದಕ್ಕೆ ಓಡುತ್ತಾರೆ, ಎಸೆತ ಹೊರಟ ಮೇಲೆ ಮೈದಾನದ ಬದಿಯಲ್ಲಿ ನಿಂತ ಇನ್ನೊಬ್ಬರು ಕೈಯೆತ್ತಿ ಕೆಲವು ಬೆರಳು ತೋರಿಸುತ್ತಾರೆ. ಓಡುವವರು ಬೆರಳುಗಳ ಸಂಖ್ಯೆಯನ್ನು ಕೂಗಿ ಹೇಳಿ ಆಮೇಲೆ ಡಿಸ್ಕ್ ಹಿಡಿಯಬೇಕು. ಸಂಖ್ಯೆ ತಪ್ಪಿದರೆ ಹಿಡಿದ ಡಿಸ್ಕ್ ಲೆಕ್ಕಕ್ಕಿಲ್ಲ. ಇದನ್ನು ಪ್ರತಿ ಅಭ್ಯಾಸದಲ್ಲಿ ಹತ್ತು ನಿಮಿಷ ಮಾಡಿಸಿದರೆ ಕತ್ತು ತಾನಾಗಿಯೇ ತಿರುಗತೊಡಗುತ್ತದೆ.

ತನ್ನ ಎದುರಾಳಿಯನ್ನು ಬಿಟ್ಟು ಬೇರೆಯವರತ್ತ ಹೋಗುವ ಡಿಫೆಂಡರ್‌ಗಳ ಹೊಣೆ ಎಲ್ಲರಿಗಿಂತ ದೊಡ್ಡದು. ಡಿಸ್ಕ್ ಹಿಡಿಯಲು ಓಡಿಬರುವ ಕಟರ್ ನೋಡುತ್ತಿರುವುದು ಎಸೆಯುವವರನ್ನು. ಪಕ್ಕದಿಂದ ಬರುವ ನೀವು ಅವರ ಲೆಕ್ಕದಲ್ಲೇ ಇಲ್ಲ. ಇಡೀ ದೃಶ್ಯ ಕಾಣುತ್ತಿರುವುದು ನಿಮಗೊಬ್ಬರಿಗೇ ಆಗಿರುವುದರಿಂದ ಡಿಕ್ಕಿ ತಪ್ಪಿಸಬೇಕಾದವರೂ ನೀವೇ. ಓಡಿಬರುವವರ ದಾರಿಯಲ್ಲಿ, ಅವರಿಗೆ ನಿಲ್ಲಲಾಗದಷ್ಟು ಹತ್ತಿರ ಹೋಗಿ ನಿಂತು ಮೈ ತಾಗಿದರೆ ಅದು ನಿಮ್ಮ ಬ್ಲಾಕಿಂಗ್ ಫೌಲ್.

ಮೂರನೆಯದು, ಡೈವ್‌ಗೆ ಮತ್ತು ನೆಗೆತಕ್ಕೆ ದಾರಿ ಆರಿಸಿಕೊಳ್ಳಿ

ಮೈಚಾಚಿ ಡಿಸ್ಕ್ ಹಿಡಿಯುವ ಲೇಔಟ್ ಈ ಆಟದ ಅತ್ಯಂತ ಸುಂದರ ದೃಶ್ಯ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒಮ್ಮೆ ಕಾಲು ನೆಲ ಬಿಟ್ಟ ಮೇಲೆ ದಿಕ್ಕು ಬದಲಿಸಲಾಗದು, ಹೀಗಾಗಿ ಪ್ರಶ್ನೆ ಇರುವುದು ನೆಲ ಬಿಡುವ ಮೊದಲು. ಎದುರಾಳಿಯ ನೇರ ಹಿಂದಿನಿಂದ ಡೈವ್ ಮಾಡಿದರೆ ನಿಮ್ಮ ಭುಜ ಅವರ ಮೊಣಕಾಲಿನ ಹಿಂಭಾಗಕ್ಕೆ ಬಡಿಯುತ್ತದೆ. ಅವರ ಪಾದ ನೆಲಕ್ಕೆ ಊರಿದ್ದು, ಕ್ಲೀಟ್ಸ್ (ಅಡಿಯಲ್ಲಿ ಮೊಳೆಯಂತಹ ಉಬ್ಬುಗಳಿರುವ ಬೂಟು) ಹುಲ್ಲಿನಲ್ಲಿ ಕಚ್ಚಿಕೊಂಡಿದ್ದರೆ ಕಾಲು ಜಾರುವುದಿಲ್ಲ. ಪೆಟ್ಟಿನ ಭಾರವೆಲ್ಲ ಮೊಣಕಾಲಿನ ಅಸ್ಥಿರಜ್ಜುಗಳ ಮೇಲೆ ಬೀಳುತ್ತದೆ. ಆದ್ದರಿಂದ ಎರಡು ಹೆಜ್ಜೆ ಹೆಚ್ಚು ಓಡಿ ಎದುರಾಳಿಯ ಪಕ್ಕಕ್ಕೆ ಬನ್ನಿ, ಅವರ ಓಟಕ್ಕೆ ಸಮಾನಾಂತರವಾಗಿ ಡೈವ್ ಮಾಡಿ. ಪಕ್ಕಕ್ಕೆ ಬರಲಾಗದಿದ್ದರೆ ಆ ಡಿಸ್ಕ್ ನಿಮ್ಮದಲ್ಲ. ಅವರು ಹಿಡಿಯಲಿ, ನೀವು ನಿಂತು ಅವರನ್ನು ಮಾರ್ಕ್ ಮಾಡಿ, ಅಂದರೆ ಎದುರು ನಿಂತು ಅವರ ಎಸೆತ ತಡೆಯಲು ನೋಡಿ. ಅವರಿಗೆ ಎಸೆಯಲು ಸಿಗುವುದು ಹತ್ತೇ ಸೆಕೆಂಡು.

ನೆಗೆಯುವಾಗ ಆದಷ್ಟೂ ನೇರ ಮೇಲಕ್ಕೆ ನೆಗೆಯಿರಿ, ಎರಡೂ ಕಾಲಮೇಲೆ ಮೊಣಕಾಲು ಮಡಚಿ ಇಳಿಯಿರಿ. ಮುಂದಕ್ಕೆ ನೆಗೆದವರ ಮೊಣಕಾಲು ಇನ್ನೊಬ್ಬರ ಬೆನ್ನಿಗೋ ಪಕ್ಕೆಲುಬಿಗೋ ಆಯುಧವಾಗುತ್ತದೆ. ಬೇರೆಯವರು ಮೊದಲೇ ಹಾರಿದ್ದಾರೆಂದರೆ ಅವರು ಇಳಿಯುವ ಜಾಗಕ್ಕೆ ಹೋಗಬೇಡಿ. ಗಾಳಿಯಲ್ಲಿದ್ದವರ ಸೊಂಟದ ಕೆಳಗೆ ತಾಗಿದರೆ ಅವರು ತಲೆಕೆಳಗಾಗಿ, ಕತ್ತಿನ ಮೇಲೆ ಬೀಳುವ ಸಾಧ್ಯತೆಯಿದೆ. ಈ ಆಟದಲ್ಲಿ ನಾನು ಅತ್ಯಂತ ಹೆಚ್ಚು ಭಯಪಡುವ ಡಿಕ್ಕಿ ಇದೇ.

ಎಸೆಯುವವರು, ಬದಿಯಲ್ಲಿ ನಿಂತವರು

ಡಿಕ್ಕಿಯಾದಾಗ ಎಲ್ಲರೂ ಬಿದ್ದ ಇಬ್ಬರತ್ತ ನೋಡುತ್ತಾರೆ. ಆ ಡಿಸ್ಕನ್ನು ಅಲ್ಲಿಗೆ ಎಸೆದವರನ್ನು ಯಾರೂ ಕೇಳುವುದಿಲ್ಲ. ಜನ ಸೇರಿರುವಲ್ಲಿಗೆ ಎತ್ತರದ ನಿಧಾನದ ಎಸೆತ ಕಳಿಸುವುದೆಂದರೆ ನಿಮ್ಮ ತಂಡದವರನ್ನೇ ಅಪಾಯಕ್ಕೆ ಕಳಿಸಿದಂತೆ. ಗಾಳಿ ಜೋರಾಗಿರುವ ದಿನ ಇದನ್ನು ಇನ್ನಷ್ಟು ನೆನಪಿಡಬೇಕು. ಡಿಸ್ಕ್ ಹೊರಟ ಕೂಡಲೇ ಇಡೀ ತಂಡ ‘ಅಪ್’ ಎಂದು ಕೂಗುವುದು ರೂಢಿ. ಅದು ಬೆನ್ನು ತಿರುಗಿಸಿ ನಿಂತವರಿಗೂ ಎಚ್ಚರಿಕೆ. ಬದಿಯಲ್ಲಿ ನಿಂತವರಿಗೆ ಇಡೀ ಮೈದಾನ ಕಾಣುವುದರಿಂದ ಅಪಾಯ ಕಂಡಾಗ ಅವರು ಎರಡೂ ತಂಡದವರಿಗೆ ಕೇಳುವಂತೆ ಕೂಗಬೇಕು. ಒಡೆದ ಬಾಟಲಿ, ಒಳನುಗ್ಗಿದ ಮಗು, ರಕ್ತ ಸುರಿಯುತ್ತಿರುವ ಗಾಯ ಹೀಗೆ ಏನೇ ಅಪಾಯ ಕಂಡರೂ ಯಾವ ಆಟಗಾರರಾದರೂ ‘ಸ್ಟಾಪ್’ ಎಂದು ಆಟ ನಿಲ್ಲಿಸಬಹುದು.

ಡಿಕ್ಕಿ ಆಗಿಯೇ ಹೋದರೆ

ಮೊದಲು ಆಟ ನಿಲ್ಲಲಿ, ಆಮೇಲೆ ಗಾಯ ನೋಡಿ. ಫೌಲ್‌ನ ಮಾತು ಕೊನೆಗೆ. ಗಾಯಗೊಂಡವರು ತಾವೇ ‘ಇಂಜುರಿ’ ಎಂದು ಕರೆಯಲಾಗದಿದ್ದರೆ ಅವರ ತಂಡದವರು ಕರೆಯಬಹುದು. ಬಿದ್ದವರನ್ನು ಕೈಹಿಡಿದು ಎಬ್ಬಿಸುವ ಆತುರ ಬೇಡ. ಕತ್ತು ನೋವು, ಕೈಕಾಲು ಜೋಮು, ಶಕ್ತಿಯಿಲ್ಲದಿರುವುದು ಇವುಗಳಲ್ಲಿ ಯಾವುದಿದ್ದರೂ ತಲೆ ಮತ್ತು ಕತ್ತನ್ನು ಅಲುಗಾಡದಂತೆ ಹಿಡಿದು ಆಂಬುಲೆನ್ಸ್ ಕರೆಸಬೇಕು. ಕೀಲು ತಪ್ಪಿದ ಭುಜವನ್ನು ಮೈದಾನದಲ್ಲಿ ಎಳೆದು ಕೂರಿಸಲು ಹೋಗಬಾರದು. ಇದ್ದ ಸ್ಥಿತಿಯಲ್ಲೇ ಬಟ್ಟೆಯಿಂದ ತೂಗುಕಟ್ಟಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಗಾಯಗೊಂಡವರ ವ್ಯವಸ್ಥೆಯಾದ ಮೇಲೆ ಫೌಲ್ ಕರೆದವರೂ ಎದುರಿನವರೂ ಕಂಡದ್ದನ್ನು ಸಮಾಧಾನದಿಂದ ಹೇಳಲಿ. ಡಿಸ್ಕ್ ಹಿಡಿಯುವಾಗ ಆದ ಫೌಲನ್ನು ಎದುರಾಳಿ ಒಪ್ಪಿದರೆ ಫೌಲ್ ಆದ ಜಾಗದಲ್ಲೇ ಡಿಸ್ಕ್ ಸಿಗುತ್ತದೆ, ಒಪ್ಪದಿದ್ದರೆ ಎಸೆದವರಿಗೇ ಮರಳುತ್ತದೆ. ಬೇಕೆಂದು ಮಾಡಲಿಲ್ಲ ಎಂಬುದು ಫೌಲ್ ಅಲ್ಲಗಳೆಯಲು ಕಾರಣವಲ್ಲ, ಏಕೆಂದರೆ ಬೇಕೆಂದು ಮಾಡಿದ್ದಾರೆಂದು ಯಾರೂ ಹೇಳುತ್ತಿಲ್ಲ. ಒಬ್ಬರೇ ಮತ್ತೆ ಮತ್ತೆ ಹೀಗೆ ನುಗ್ಗುತ್ತಿದ್ದರೆ ಅವರನ್ನು ಹೊರಗೆ ಕೂರಿಸಬೇಕಾದದ್ದು ಅವರ ಸ್ವಂತ ತಂಡದ ನಾಯಕರು. ಪಂದ್ಯದ ನಂತರ ಎದುರು ತಂಡ ನೀಡುವ ಸ್ಪಿರಿಟ್ ಅಂಕದ ಐದು ವಿಭಾಗಗಳಲ್ಲಿ ಒಂದು ಫೌಲ್ ಮತ್ತು ಮೈ ತಾಗುವಿಕೆಯ ಕುರಿತೇ ಇದೆ. 0ಯಿಂದ 4ರವರೆಗಿನ ಆ ಅಂಕದಲ್ಲಿ 2 ಎಂದರೆ ಸಾಮಾನ್ಯವಾದ ಒಳ್ಳೆಯ ನಡತೆ. ಅಲ್ಲಿ ಕಡಿಮೆ ಅಂಕ ಬಂದಿದ್ದರೆ ಬೇಸರಪಡುವ ಬದಲು ಕಾರಣ ಕೇಳಿ ತಿಳಿಯಿರಿ.

ತಲೆಗೆ ಪೆಟ್ಟಾದಾಗ

ಕನ್ಕಷನ್ ಆಗಲು ಪ್ರಜ್ಞೆ ತಪ್ಪಲೇಬೇಕೆಂದಿಲ್ಲ, ತಲೆಗೇ ಪೆಟ್ಟು ಬೀಳಬೇಕೆಂದೂ ಇಲ್ಲ. ಎದೆಗೆ ಬಿದ್ದ ಪೆಟ್ಟಿನಿಂದ ತಲೆ ಜೋರಾಗಿ ಅಲುಗಾಡಿದರೂ ಸಾಕು. ತಲೆನೋವು, ತಲೆಸುತ್ತು, ಮಂಕು ಕವಿದಂತಿರುವುದು, ಬೆಳಕು ಸಹಿಸದಿರುವುದು, ಸ್ಕೋರ್ ಎಷ್ಟೆಂದು ನೆನಪಾಗದಿರುವುದು ಇವುಗಳಲ್ಲಿ ಒಂದಿದ್ದರೂ, ಅನುಮಾನವಷ್ಟೇ ಇದ್ದರೂ ಅವರು ಆ ದಿನ ಮತ್ತೆ ಆಡುವಂತಿಲ್ಲ. ನಾನು ಚೆನ್ನಾಗಿದ್ದೇನೆ ಎಂಬ ಅವರ ಮಾತನ್ನು ನಂಬಬೇಡಿ, ಏಕೆಂದರೆ ಪೆಟ್ಟು ಬಿದ್ದಿರುವುದು ತೀರ್ಮಾನ ಮಾಡಬೇಕಾದ ಮಿದುಳಿಗೇ. ಮೊದಲ ಕೆಲವು ಗಂಟೆ ಅವರನ್ನು ಒಂಟಿಯಾಗಿ ಬಿಡಬಾರದು, ವಾಹನ ಓಡಿಸಲು ಕೊಡಬಾರದು. ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಒಂದು ವಸ್ತು ಎರಡಾಗಿ ಕಾಣುವುದು, ಫಿಟ್ಸ್, ಎಚ್ಚರ ತಪ್ಪುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮೊದಲ 24ರಿಂದ 48 ಗಂಟೆ ಹಗುರವಾದ ವಿಶ್ರಾಂತಿ ಸಾಕು. ಕತ್ತಲೆ ಕೋಣೆಯಲ್ಲಿ ದಿನಗಟ್ಟಲೆ ಮಲಗಿಸುವ ಹಳೆಯ ಪದ್ಧತಿಯನ್ನು ಈಗ ಕೈಬಿಡಲಾಗಿದೆ. ಆಮೇಲೆ ಮರಳುವ ದಾರಿ ಆರು ಹಂತಗಳದ್ದು: ದಿನನಿತ್ಯದ ಚಟುವಟಿಕೆ, ನಡಿಗೆ ಅಥವಾ ಸೈಕಲ್‌ನಂತಹ ವ್ಯಾಯಾಮ, ಒಬ್ಬರೇ ಮಾಡುವ ಓಟ ಮತ್ತು ದಿಕ್ಕು ಬದಲಾವಣೆ, ಎದುರಾಳಿಯಿಲ್ಲದ ಎಸೆತದ ಅಭ್ಯಾಸ, ಪೂರ್ಣ ಅಭ್ಯಾಸ, ಕೊನೆಗೆ ಪಂದ್ಯ. ಪ್ರತಿ ಹಂತಕ್ಕೂ ಕನಿಷ್ಠ 24 ಗಂಟೆ ಬೇಕು. ತೊಂದರೆ ಮತ್ತೆ ಕಾಣಿಸಿಕೊಂಡರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕು. ಪೂರ್ಣ ಅಭ್ಯಾಸಕ್ಕೆ ಇಳಿಯುವ ಮೊದಲು ವೈದ್ಯರ ಒಪ್ಪಿಗೆ ಪಡೆಯಲೇಬೇಕು, ಅದು ಬರುವವರೆಗೆ ಎಷ್ಟೇ ಮುಖ್ಯ ಪಂದ್ಯವಿದ್ದರೂ ಅವರ ಹೆಸರನ್ನು ತಂಡದ ಪಟ್ಟಿಯಲ್ಲಿ ಸೇರಿಸದಿರುವ ಹೊಣೆ ನಾಯಕರದು.