ಶಿರಸಿಯ ಡೆಸ್ಕಿನಲ್ಲಿ ಅಲೆಪ್ಪೊ

ಶಿರಸಿಯಿಂದ ಹೊರಡುವ ಒಂದು ಜಿಲ್ಲಾ ದಿನಪತ್ರಿಕೆಯಲ್ಲಿ ನಾನು ಉಪಸಂಪಾದಕನಾಗಿ ಸೇರಿದ ಮೇಲೆ ವಿದೇಶ ಸುದ್ದಿ ನನ್ನ ಪಾಲಿಗೆ ಬಂತು. ಜಾಹೀರಾತು ಬಿಟ್ಟರೆ ಅದಕ್ಕೆ ಉಳಿಯುತ್ತಿದ್ದುದು ಮೂರು ಕಾಲಂ. ರಾತ್ರಿ ಹತ್ತೂವರೆಗೆ ಪುಟ ಮುಗಿಯದಿದ್ದರೆ ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ, ಕಾರವಾರಕ್ಕೆ ಹೋಗುವ ವ್ಯಾನು ತಡವಾಗುತ್ತಿತ್ತು; ಆದ್ದರಿಂದ ಏಜೆನ್ಸಿಯ ಇಂಗ್ಲಿಷ್ ಸುದ್ದಿಯನ್ನು ಓದಿ, ಕನ್ನಡದಲ್ಲಿ ಬರೆದು, ತಲೆಬರಹ ಕೊಡುವುದಕ್ಕೆ ಒಂದೊಂದು ಸುದ್ದಿಗೆ ಇಪ್ಪತ್ತು ನಿಮಿಷ ಸಿಕ್ಕರೆ ಹೆಚ್ಚು. ಸಿರಿಯಾದ ಅಂತರ್ಯುದ್ಧವನ್ನು ನಾನು ಬರೆದದ್ದು ಈ ಇಪ್ಪತ್ತಿಪ್ಪತ್ತು ನಿಮಿಷಗಳಲ್ಲಿ.

2016ರ ಏಪ್ರಿಲ್ 27ರ ರಾತ್ರಿ ಸಿರಿಯಾದ ಅಲೆಪ್ಪೊ ನಗರದಲ್ಲಿ ಬಂಡುಕೋರರ ಹಿಡಿತದ ಪೂರ್ವ ಭಾಗದ ಅಲ್ ಕುದ್ಸ್ ಆಸ್ಪತ್ರೆಯ ಮೇಲೆ ವಿಮಾನ ದಾಳಿ ನಡೆಯಿತು. ಆ ಆಸ್ಪತ್ರೆಗೆ ನೆರವು ನೀಡುತ್ತಿದ್ದ ಎಂಎಸ್‌ಎಫ್ ಎಂಬ ವೈದ್ಯರ ಸಂಸ್ಥೆ ಮೊದಲು ತಿಳಿಸಿದ್ದು ‘ಕನಿಷ್ಠ 14’ ಸಾವು. ಇದು ಏರಬಹುದೆಂಬ ಮಾತೂ ಜೊತೆಗಿತ್ತು. ನಾನು ಜಾಗ ಉಳಿಸಲು ‘ಕನಿಷ್ಠ’ವನ್ನು ತೆಗೆದೆ, ಹೇಳಿದವರ ಹೆಸರನ್ನು ಕೊನೆಯ ಸಾಲಿಗೆ ದಬ್ಬಿದೆ, ‘ಆಸ್ಪತ್ರೆಗೆ ಬಾಂಬ್ ಬಿದ್ದು 14 ಸಾವು’ ಎಂದು ತಲೆಬರಹ ಕೊಟ್ಟೆ. ಮುಂದಿನ ದಿನಗಳಲ್ಲಿ ಅದೇ ಸಂಸ್ಥೆಯ ಲೆಕ್ಕ 55ಕ್ಕೆ ಮುಟ್ಟಿತು.

ಅಂಕೋಲೆಯ ಕಡೆಯ ನಿವೃತ್ತ ಮಾಸ್ತರರೊಬ್ಬರು, ಯಾವುದೋ ಕೆಲಸಕ್ಕೆ ಶಿರಸಿಗೆ ಬಂದವರು, ಆ ಪತ್ರಿಕೆಯನ್ನು ಮಡಚಿ ಹಿಡಿದುಕೊಂಡು ಕಚೇರಿಯ ಮೆಟ್ಟಿಲು ಹತ್ತಿ ಬಂದರು.

‘ತಮ್ಮಾ, ಈ ಹದಿನಾಲ್ಕು ಅಂತ ಎಣಿಸಿದ್ದು ಯಾರು?’

‘ಏಜೆನ್ಸಿಯವರು ಕೊಟ್ಟದ್ದು, ಮಾಸ್ತರ್ರೇ.’

‘ಏಜೆನ್ಸಿಯವ್ರಿಗೆ ಯಾರು ಕೊಟ್ರು? ಮತ್ತೆ ಬಾಂಬ್ ಬಿದ್ದು ಅಂತ ಬರ್ದಿದ್ದೀಯಲ್ಲ, ತೆಂಗಿನಕಾಯಿ ಬಿದ್ದ ಹಾಗೆ ಬಿತ್ತಾ ಅದು?’

ಎರಡೂ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಚಹಾ ಕುಡಿದು ಹೋದ ಮೇಲೆ ಹಿಂದಿನ ನಾಲ್ಕು ತಿಂಗಳ ಪುಟಗಳನ್ನು ತೆಗೆದು ನೋಡಿದೆ. ಎಲ್ಲೆಲ್ಲೂ ಬಾಂಬುಗಳು ತಾವಾಗಿಯೇ ಬಿದ್ದಿದ್ದವು, ಕಟ್ಟಡಗಳು ತಾವಾಗಿಯೇ ಕುಸಿದಿದ್ದವು. ಇಂಗ್ಲಿಷಿನ ಕರ್ಮಣಿ ಪ್ರಯೋಗವನ್ನು ಕನ್ನಡಕ್ಕೆ ತರುವಾಗ ನಮ್ಮ ಕೈಗೆ ಸುಲಭವಾಗಿ ಸಿಗುವುದು ‘ಬಿದ್ದು’, ‘ಸಿಡಿದು’, ‘ನಾಶವಾಗಿ’ ಎಂಬ ಅಕರ್ಮಕ ಕ್ರಿಯಾಪದಗಳು. ಅವುಗಳಲ್ಲಿ ಮಾಡಿದವನಿಗೆ ಜಾಗವೇ ಇಲ್ಲ. ನಮ್ಮ ಮನೆಯ ಹವ್ಯಕ ಮಾತಿನಲ್ಲಾದರೆ ಕಣ್ಣಾರೆ ಕಂಡದ್ದಕ್ಕೂ ಕೇಳಿ ತಿಳಿದದ್ದಕ್ಕೂ ಕ್ರಿಯಾಪದದ ಕೊನೆಯಲ್ಲೇ ಭೇದವಿದೆ. ಯಾರೋ ಬಂದಿದ್ದನೆಂದು ಇನ್ನೊಬ್ಬರಿಂದ ಕೇಳಿ ತಿಳಿದರೆ ಅಮ್ಮ ‘ಬಂದಿದ್ನಡ’ ಎನ್ನುತ್ತಾಳೆ, ತಾನೇ ನೋಡಿದ್ದರೆ ಆ ‘ಡ’ ಹಚ್ಚುವುದಿಲ್ಲ. ಅಡುಗೆಮನೆಯ ಮಾತಿನಲ್ಲಿ ಇರುವ ಈ ಎಚ್ಚರ ನಾನು ಬರೆದ ಯುದ್ಧದ ಸುದ್ದಿಯಲ್ಲಿ ಇರಲಿಲ್ಲವೆಂಬುದು ನನ್ನನ್ನು ಬಹಳ ದಿನ ಕಾಡಿತು.

ಕೇಳಿ ತಿಳಿದದ್ದೇ ಹೆಚ್ಚಾಗಿದ್ದ ಯುದ್ಧವದು. 2012ರ ಫೆಬ್ರವರಿ 22ರಂದು ಹೋಮ್ಸ್ ನಗರದ ಬಾಬಾ ಅಮ್ರ್‌ನಲ್ಲಿ ವರದಿಗಾರ್ತಿ ಮೇರಿ ಕೊಲ್ವಿನ್ ಮತ್ತು ಫ್ರೆಂಚ್ ಛಾಯಾಗ್ರಾಹಕ ರೆಮಿ ಓಶ್ಲಿಕ್ ಶೆಲ್ ದಾಳಿಗೆ ಬಲಿಯಾದರು. 2014ರಲ್ಲಿ ಜೇಮ್ಸ್ ಫೋಲಿ ಮತ್ತು ಸ್ಟೀವನ್ ಸಾಟ್ಲಾಫ್ ಅವರನ್ನು ಐಎಸ್ ಉಗ್ರರು ಕೊಂದ ಮೇಲೆ ಬಹುತೇಕ ವಿದೇಶಿ ಪತ್ರಿಕೆಗಳು ಬಂಡುಕೋರರ ಹಿಡಿತದ ಊರುಗಳಿಗೆ ತಮ್ಮವರನ್ನು ಕಳಿಸುವುದನ್ನೇ ನಿಲ್ಲಿಸಿದವು. ಅಲೆಪ್ಪೊದ ಸುದ್ದಿ ಬೈರೂತ್‌ನಲ್ಲೋ ಇಸ್ತಾಂಬುಲ್‌ನಲ್ಲೋ ಕುಳಿತವರ ಕೈಯಿಂದ ಬರುತ್ತಿತ್ತು. ಅವರಿಗೆ ಆಧಾರ ಒಳಗಿದ್ದ ಸ್ಥಳೀಯ ಹುಡುಗರ ಫೋನು ಮತ್ತು ವಿಡಿಯೊ, ವೈಟ್ ಹೆಲ್ಮೆಟ್ಸ್ ರಕ್ಷಣಾ ಕಾರ್ಯಕರ್ತರು, ಬ್ರಿಟನ್ನಿನ ಕವೆಂಟ್ರಿಯಿಂದ ಲೆಕ್ಕ ಇಡುತ್ತಿದ್ದ ಸಿರಿಯಾ ಮಾನವ ಹಕ್ಕುಗಳ ವೀಕ್ಷಣಾಲಯ. ಸರ್ಕಾರದ ಹಿಡಿತದ ಪಶ್ಚಿಮ ಅಲೆಪ್ಪೊದ ಸುದ್ದಿಯನ್ನು ಸರ್ಕಾರಿ ಸಂಸ್ಥೆ ಸನಾ ಕೊಡುತ್ತಿತ್ತು. 2016ರ ಮೇ 3ರಂದು ಅಲ್ಲಿನ ಹೆರಿಗೆ ಆಸ್ಪತ್ರೆಯೊಂದಕ್ಕೆ ಬಂಡುಕೋರರ ರಾಕೆಟ್ ಬಡಿಯಿತೆಂದು ಅದು ತಿಳಿಸಿತು. ಸಿರಿಯಾದಲ್ಲಿ ಸತ್ತವರ ಎಣಿಕೆಯನ್ನು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಯೇ 2014ರ ಆರಂಭದಲ್ಲಿ ಕೈಬಿಟ್ಟಿತ್ತು.

ಹಿಂದೆ ಇಂಥ ಸುದ್ದಿಯನ್ನು ಸರಿಯಾಗಿ ಬರೆದವರು ಹೇಗೆ ಬರೆದಿದ್ದರು ಎಂದು ಹುಡುಕುತ್ತಾ ಹೋದಾಗ ಸ್ಪೇನಿನ ಅಂತರ್ಯುದ್ಧದ ಗೆರ್ನಿಕಾ ಸಿಕ್ಕಿತು. 1937ರ ಏಪ್ರಿಲ್ 26, ಸೋಮವಾರ, ಸಂತೆಯ ದಿನ, ಸರ್ಕಾರದ ವಿರುದ್ಧ ಬಂಡೆದ್ದ ಸೇನಾನಿ ಫ್ರಾಂಕೊ ಪರ ಹೋರಾಡುತ್ತಿದ್ದ ಜರ್ಮನಿಯ ಕಾಂಡೋರ್ ಪಡೆ ಮತ್ತು ಇಟಲಿಯ ವಿಮಾನಗಳು ಆ ಬಾಸ್ಕ್ ಪಟ್ಟಣವನ್ನು ಸುಟ್ಟವು. ‘ದಿ ಟೈಮ್ಸ್’ ಪತ್ರಿಕೆಯ ಜಾರ್ಜ್ ಸ್ಟೀರ್ ಬಿಲ್ಬಾವೊದಿಂದ ಹೊರಟು ನಡುರಾತ್ರಿ ಕಳೆದು ಎರಡು ಗಂಟೆಗೆ, ಊರು ಇನ್ನೂ ಉರಿಯುತ್ತಿದ್ದಾಗ, ಅಲ್ಲಿಗೆ ತಲುಪಿದರು. ಏಪ್ರಿಲ್ 28ರಂದು ಅಚ್ಚಾದ ಅವರ ವರದಿಯನ್ನು ನಾನು ಒಂದು ಭಾನುವಾರ ಪೂರ್ತಿ ಕುಳಿತು, ವಾಕ್ಯ ವಾಕ್ಯಕ್ಕೆ ಗೆರೆ ಎಳೆದು ಓದಿದೆ. ದಾಳಿ ಎಷ್ಟು ಹೊತ್ತು ನಡೆಯಿತು, ಯಾವ ವಿಮಾನ, ಬೆಂಕಿ ಹಚ್ಚುವ ಅಲ್ಯೂಮಿನಿಯಂ ಬಾಂಬಿನ ತೂಕವೆಷ್ಟು ಎಂಬುದೆಲ್ಲ ಅದರಲ್ಲಿದೆ. ಆದರೆ ಸತ್ತವರ ಸಂಖ್ಯೆ ಮಾತ್ರ ಇಲ್ಲ. ಅದನ್ನು ಈಗಲೇ ಹೇಳಲಾಗದೆಂದು ಬರೆದು, ಬಿಲ್ಬಾವೊದ ಪತ್ರಿಕೆಗಳು ಸಾವು ಕಡಿಮೆ ಎಂದಿರುವುದನ್ನೂ, ನಿರಾಶ್ರಿತರು ಗಾಬರಿಯಾಗದಿರಲೆಂದು ಹಾಗೆ ಬರೆದಿರಬಹುದೆಂಬ ಶಂಕೆಯನ್ನೂ ಅವರು ಅಲ್ಲೇ ಸೇರಿಸಿದ್ದಾರೆ. ಬಾಸ್ಕ್ ಸರ್ಕಾರ ಆಮೇಲೆ ಕೊಟ್ಟ ಸಂಖ್ಯೆ 1,654. ಇಂದಿನ ಇತಿಹಾಸಕಾರರಲ್ಲಿ ಹೆಚ್ಚಿನವರು ಅದಕ್ಕಿಂತ ಬಹಳ ಕಡಿಮೆ, ಕೆಲವು ನೂರು ಎನ್ನುತ್ತಾರೆ. ಹಿಂದೆ ಸರಿಯುತ್ತಿದ್ದ ಬಾಸ್ಕರೇ ಊರಿಗೆ ಬೆಂಕಿ ಹಚ್ಚಿದರೆಂದು ಫ್ರಾಂಕೊ ಕಡೆಯವರು ವರ್ಷಗಟ್ಟಲೆ ಹೇಳಿದರೂ ಸ್ಟೀರ್ ವರದಿ ನಿಂತಿತು. ಜರ್ಮನ್ ಮುದ್ರೆಯಿದ್ದ ಬಾಂಬಿನ ಕವಚಗಳನ್ನು ಅವರು ಅಲ್ಲಿ ನೋಡಿ ಬರೆದಿದ್ದರು. ತನ್ನ ದೇಶದ ಹೊಣೆಯನ್ನು ಜರ್ಮನಿಯ ಅಧ್ಯಕ್ಷರು ಒಪ್ಪಿಕೊಂಡದ್ದು 1997ರಲ್ಲಿ.

ಆ ಬಳಿಕ ಅಡಿಕೆ ಮಂಡಿಗಳಲ್ಲಿ ಬಳಸುವಂಥ ಉದ್ದನೆಯ ಕೆಂಪು ರಟ್ಟಿನ ಲೆಕ್ಕದ ಪುಸ್ತಕವೊಂದನ್ನು ತಂದು, ಯಾರು ಹೇಳಿದ್ದು, ಎಲ್ಲಿ ನಿಂತು ಹೇಳಿದ್ದು, ಯಾವಾಗ ಹೇಳಿದ್ದು ಎಂದು ಗೆರೆ ಹಾಕಿಕೊಂಡೆ. ಈ ಮೂರೂ ತುಂಬದ ಸಂಖ್ಯೆ ತಲೆಬರಹಕ್ಕೆ ಹೋಗಬಾರದೆಂದು ನಿರ್ಧರಿಸಿದೆ. ‘ಬಾಂಬ್ ಬಿದ್ದು’ ಎಂಬುದನ್ನು ಪೂರ್ತಿ ಬಿಟ್ಟೆ. ಇದರಿಂದ ಪ್ರತಿ ಸುದ್ದಿಯೂ ನಾಲ್ಕೈದು ಸಾಲು ಉದ್ದವಾಯಿತು. ಹಿರಿಯ ಸಂಪಾದಕರು ಮೊದಲು ಬೇಸರಪಟ್ಟರು, ಆದರೆ ತಡೆಯಲಿಲ್ಲ.

ಎಲ್ಲದಕ್ಕೂ ‘ಆರೋಪಿಸಿದ್ದಾರೆ’ ಎಂದು ಹಚ್ಚಿ ಕೈತೊಳೆದುಕೊಳ್ಳುವುದು ಇನ್ನೊಂದು ಬಗೆಯ ತಪ್ಪೆಂದು ಆ ಬೇಸಿಗೆಯಲ್ಲೇ ತಿಳಿಯಿತು. ಹೆಲಿಕಾಪ್ಟರಿನಿಂದ ಪೀಪಾಯಿ ಬಾಂಬು, ಅಂದರೆ ಸ್ಫೋಟಕ ತುಂಬಿದ ಪೀಪಾಯಿ, ಉರುಳಿಸಿದರೆಂಬ ಸುದ್ದಿ ಬಂದಾಗ, ಬಂಡುಕೋರರ ಬಳಿ ಹೆಲಿಕಾಪ್ಟರ್ ಇಲ್ಲವೆಂಬ ವಾಕ್ಯವನ್ನು ನಾನೇ ಸೇರಿಸಬೇಕಿತ್ತು. ‘ಇಬ್ಬರೂ ಪರಸ್ಪರ ದೂರಿದ್ದಾರೆ’ ಎಂದು ನಿಲ್ಲಿಸಿದರೆ, ಓದುಗ ತಾನಾಗಿ ತಿಳಿಯಬಹುದಾದದ್ದನ್ನು ನಾನು ಮುಚ್ಚಿಟ್ಟ ಹಾಗಾಗುತ್ತಿತ್ತು. ಆಗಸ್ಟಿನಲ್ಲಿ ಆಂಬುಲೆನ್ಸಿನ ಕಿತ್ತಳೆ ಬಣ್ಣದ ಆಸನದಲ್ಲಿ ಧೂಳು, ರಕ್ತ ಮೆತ್ತಿಕೊಂಡು ಕುಳಿತ ಪುಟ್ಟ ಹುಡುಗನ ಚಿತ್ರ ಬಂದಾಗ, ಅದನ್ನು ಹಂಚಿದ ಅಲೆಪ್ಪೊ ಮೀಡಿಯಾ ಸೆಂಟರ್ ಸರ್ಕಾರ ವಿರೋಧಿ ಬಣದ ಪರವಾದದ್ದೆಂದು ಚಿತ್ರದ ಅಡಿಯಲ್ಲೇ ಬರೆದೆ. ಆ ಹುಡುಗನ ನೋವು ಅದರಿಂದ ಒಂದಿಷ್ಟೂ ಕಡಿಮೆಯಾಗಲಿಲ್ಲ.

2025ರ ಅಕ್ಟೋಬರ್ ಕೊನೆಯಲ್ಲಿ ಸುಡಾನಿನ ಎಲ್ ಫಾಶರ್ ನಗರ, ಅಲ್ಲಿನ ಸೇನೆಯ ವಿರುದ್ಧ ಹೋರಾಡುತ್ತಿದ್ದ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯ ವಶವಾದಾಗ ಒಳಗಿನ ಫೋನುಗಳೂ ಬಹುಮಟ್ಟಿಗೆ ಸತ್ತಿದ್ದವು. ಆಗ ಸುದ್ದಿ ಬಂದದ್ದು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಓದಿದ ಉಪಗ್ರಹ ಚಿತ್ರಗಳಿಂದ. ಕೆಂಪು ರಟ್ಟಿನ ಪುಸ್ತಕದಲ್ಲಿ ‘ಎಲ್ಲಿ ನಿಂತು’ ಎಂಬ ಗೆರೆಯ ಕೆಳಗೆ ಅಂದು ‘ಆಕಾಶದಿಂದ’ ಎಂದು ಬರೆದು, ಚಿತ್ರ ತೆಗೆದ ದಿನಾಂಕಕ್ಕಾಗಿ ಏಜೆನ್ಸಿಯ ಪ್ರತಿಯನ್ನು ಮತ್ತೆ ಮೇಲಿನಿಂದ ಓದತೊಡಗಿದೆ.